ಟೈಮ್ ಸಾಲಲಿಲ್ಲ ಅನ್ನುವ ಮೊದಲು: ಮಾಡೆಲ್ ಸ್ಕೆಚ್ ಎಲ್ಲಿ ಕೆಡುತ್ತಿದೆ ಅಂತ ಹುಡುಕುವುದು ಹೇಗೆ

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಒಂದು ಮನೆಯ ಮಹಡಿಯಲ್ಲಿ ನಾವು ಹತ್ತು ಹನ್ನೆರಡು ಜನ ಸೇರುತ್ತೇವೆ. ಮಾಡೆಲ್ ಒಬ್ಬರನ್ನು ಕರೆಸಿ ಸ್ಕೆಚ್ ಮಾಡುತ್ತೇವೆ. ಮೊದಲು 1 ನಿಮಿಷದ ಹತ್ತು ಪೋಸ್. ಆಮೇಲೆ 2 ನಿಮಿಷದ್ದು, 5 ನಿಮಿಷದ್ದು. ಕೊನೆಗೆ 20 ನಿಮಿಷದ್ದು ಒಂದೋ ಎರಡೋ. ಪ್ರತಿ ಸಲ ಟೈಮರ್ ಕೂಗಿದಾಗಲೂ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: ‘ಅಯ್ಯೋ, ಟೈಮ್ ಸಾಲಲಿಲ್ಲ.’

ನಾನೂ ಎಷ್ಟೋ ವರ್ಷ ಹಾಗೇ ಹೇಳುತ್ತಿದ್ದೆ. ಈಗ ಆ ಮಾತನ್ನು ನಂಬುವುದಿಲ್ಲ. ಟೈಮ್ ಸಾಲದಿರುವುದು ಜ್ವರ ಬಂದ ಹಾಗೆ. ಒಳಗೆ ಇನ್ನೇನೋ ಆಗಿದೆ ಅಂತ ಅದು ತೋರಿಸುತ್ತದೆ, ಅಷ್ಟೇ. ಸ್ಕೆಚ್ ಕೆಡುವುದು ಹೆಚ್ಚಾಗಿ ಕೈ ಓಡುವ ಮೊದಲೇ. ನಾವು ಕೂತ ಜಾಗದಲ್ಲಿ, ಬೋರ್ಡ್ ಹಿಡಿದ ಓರೆಯಲ್ಲಿ, ಮೊದಲು ಕಣ್ಣು ಹೋದ ಕಡೆಯಲ್ಲಿ. ಅದನ್ನು ಹುಡುಕದೆ ಸುಮ್ನೆ ಇನ್ನೂ ನೂರು ಹಾಳೆ ತುಂಬಿಸಿದರೆ ಅದೇ ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಪರೀಕ್ಷೆ

ಮಾಡೆಲ್ ಹತ್ತಿರ ಕೇಳಿಕೊಂಡು ಒಂದೇ ಪೋಸನ್ನು ಎರಡು ಸಲ ತೆಗೆದುಕೊಳ್ಳಿ. ಒಂದು ಸಲ 1 ನಿಮಿಷ, ಇನ್ನೊಂದು ಸಲ 20 ನಿಮಿಷ. ನೀವು ಕೂತ ಜಾಗ ಅದೇ ಇರಲಿ. ಹಾಳೆ, ಚಾರ್ಕೋಲ್ (ಬರೆಯುವ ಇದ್ದಿಲ ಕಡ್ಡಿ) ಕೂಡ ಅವೇ ಇರಲಿ. ಮುಗಿದ ಮೇಲೆ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ.

1 ನಿಮಿಷದ್ದರಲ್ಲಿ ತಲೆ ದೊಡ್ಡದಾಗಿದೆ, 20 ನಿಮಿಷದ್ದರಲ್ಲೂ ದೊಡ್ಡದಾಗಿದೆ ಅಂತಿಟ್ಟುಕೊಳ್ಳಿ. ಹಾಗಿದ್ದರೆ ತೊಂದರೆ ಟೈಮಿನದ್ದಲ್ಲ. ಇಡೀ ದಿನ ಕೊಟ್ಟರೂ ತಲೆ ದೊಡ್ಡದೇ ಬರುತ್ತದೆ. 20 ನಿಮಿಷದ್ದು ಸರಿ ಬಂದು 1 ನಿಮಿಷದ್ದು ಮಾತ್ರ ಅರ್ಧಕ್ಕೆ ನಿಂತಿದ್ದರೆ, ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಹಿಂದೆ ಮುಂದಾಗಿದೆ. 1 ನಿಮಿಷದ್ದೇ ಜೀವಂತವಾಗಿದ್ದು 20 ನಿಮಿಷದ್ದು ಮರದ ಬೊಂಬೆಯಾಗಿದ್ದರೆ, ಮೊದಲ ನಿಮಿಷದಲ್ಲಿ ಹಿಡಿದದ್ದನ್ನು ಉಳಿದ ಹತ್ತೊಂಬತ್ತರಲ್ಲಿ ನೀವೇ ಮುಚ್ಚಿದ್ದೀರಿ.

ಇನ್ನೊಂದು ಕೆಲಸವೂ ಇದೆ. ಪ್ರತಿ ಹಾಳೆಯ ಮೂಲೆಯಲ್ಲಿ ನಂಬರ್ ಮತ್ತು ನಿಮಿಷ ಬರೆಯಿರಿ. ಸೆಷನ್ ಮುಗಿದ ಮೇಲೆ ಎಲ್ಲವನ್ನೂ ಸಾಲಾಗಿ ನೆಲದ ಮೇಲೆ ಹರಡಿ. ಒಂದು ಹಾಳೆಯಲ್ಲಿ ಮಾತ್ರ ಕಂಡ ತಪ್ಪು ಆ ಹೊತ್ತಿನ ಅವಸರದ್ದು, ಅದನ್ನು ಬಿಟ್ಟುಬಿಡಿ. ಎಂಟು ಹಾಳೆಯಲ್ಲಿ ಕಂಡದ್ದು ಕೈಯ ಚಾಳಿ. ಹುಡುಕಬೇಕಾದದ್ದು ಅದನ್ನೇ. ಮೊದಲ ಮೂರು ನಾಲ್ಕು ಮಾತ್ರ ಬಿಗಿಯಾಗಿದ್ದರೆ ಏನೂ ಚಿಂತೆ ಬೇಡ, ಕೈ ಇನ್ನೂ ಬಿಟ್ಟುಕೊಂಡಿರಲಿಲ್ಲ ಅಷ್ಟೇ. ಮುಂದಿನ ಸಲ ಹತ್ತು ನಿಮಿಷ ಮೊದಲೇ ಬಂದು, ಹಳೆ ಪೇಪರ್ ಮೇಲೆ ತೋಳು ಬೀಸಿ ಗೆರೆ ಎಳೆಯಿರಿ.

ಕಾಲು ಹಾಳೆಯಲ್ಲಿ ಹಿಡಿಸುವುದೇ ಇಲ್ಲ

ಇದು ಎಲ್ಲರಿಗೂ ಆಗುವ ತೊಂದರೆ. ಸರಿಪಡಿಸುವುದೂ ಸುಲಭ. ನಾವು ತಲೆಯಿಂದ ಶುರು ಮಾಡುತ್ತೇವೆ. ತಲೆ ಎಷ್ಟು ದೊಡ್ಡದಾಗುತ್ತದೋ ಮೈಯೂ ಅದಕ್ಕೆ ತಕ್ಕ ಹಾಗೆ ದೊಡ್ಡದಾಗುತ್ತಾ ಹೋಗುತ್ತದೆ. ಮೊಣಕಾಲಿಗೆ ಬರುವಷ್ಟರಲ್ಲಿ ಹಾಳೆ ಮುಗಿದಿರುತ್ತದೆ. ಕೆಲವರು ಆಗ ಕಾಲನ್ನು ಕುಗ್ಗಿಸಿ ಒಳಗೆ ತುರುಕುತ್ತಾರೆ. ಅದು ಇನ್ನೂ ಕೆಟ್ಟ ಚಾಳಿ.

ಗೆರೆ ಎಳೆಯುವ ಮೊದಲು ಹಾಳೆಯ ಮೇಲೆ ಒಂದು ಗುರುತು, ಕೆಳಗೆ ಒಂದು ಗುರುತು ಹಾಕಿ. ಮೇಲಿನದು ನೆತ್ತಿ, ಕೆಳಗಿನದು ಹಿಮ್ಮಡಿ. ನಡುವೆ ಮೂರನೇ ಗುರುತು. ನೇರ ನಿಂತ ದೊಡ್ಡವರಲ್ಲಿ ಆ ನಡುಗುರುತು ಸೊಂಟಕ್ಕೆ ಬರುವುದಿಲ್ಲ, ತೊಡೆಗಳು ಕೂಡುವ ಜಾಗಕ್ಕೆ ಬರುತ್ತದೆ. ಈ ಒಂದನ್ನು ನೆನಪಿಟ್ಟುಕೊಂಡರೆ ಕಾಲು ಗಿಡ್ಡವಾಗುವುದು ಅರ್ಧಕ್ಕರ್ಧ ನಿಲ್ಲುತ್ತದೆ. ಮೂರು ಗುರುತಿಗೆ 3 ಸೆಕೆಂಡ್ ಸಾಕು. 30 ಸೆಕೆಂಡಿನ ಪೋಸ್‌ನಲ್ಲೂ ಇದನ್ನು ಬಿಡಬೇಡಿ.

ತಲೆ ದೊಡ್ಡದು, ಎದೆ ಉದ್ದ

ಇದಕ್ಕೆ ಎರಡು ಕಾರಣ ಇರಬಹುದು. ಹಾಳೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ಜನ ದಾರಿ ತಪ್ಪುತ್ತಾರೆ.

ಮೊದಲನೆಯದು ಬೋರ್ಡು. ತೊಡೆಯ ಮೇಲೆ ಬೋರ್ಡನ್ನು ಅಡ್ಡ ಮಲಗಿಸಿಕೊಂಡು ಬರೆಯುತ್ತೀರಾ? ಹಾಗಾದರೆ ಹಾಳೆಯ ಮೇಲಂಚು ಕಣ್ಣಿನಿಂದ ದೂರ, ಕೆಳಂಚು ಹತ್ತಿರ. ದೂರದ ಭಾಗ ನಿಮ್ಮ ಕಣ್ಣಿಗೆ ಕುಗ್ಗಿ ಕಾಣುತ್ತದೆ. ಗೊತ್ತಿಲ್ಲದೆಯೇ ಕೈ ಅದನ್ನು ಹಿಗ್ಗಿಸಿ ಬರೆಯುತ್ತದೆ. ಕೂತಲ್ಲಿಂದ ನೋಡಿದರೆ ಚಿತ್ರ ಸರಿಯಾಗಿಯೇ ಇರುತ್ತದೆ. ಗೋಡೆಗೆ ಒರಗಿಸಿದ ಕೂಡಲೇ ತಲೆ, ಭುಜ ಎಲ್ಲ ಉಬ್ಬಿಕೊಂಡು ಎದ್ದು ನಿಲ್ಲುತ್ತವೆ.

ಇದನ್ನು ನೋಡಲು ಒಂದು ದಾರ ಸಾಕು. ಕಣ್ಣಿನ ಪಕ್ಕದಿಂದ ಬೋರ್ಡಿನ ಮೇಲಂಚಿಗೆ ದಾರ ಹಿಡಿದು ಅಳೆಯಿರಿ. ಅದೇ ದಾರವನ್ನು ಕೆಳಂಚಿಗೆ ತನ್ನಿ. ಎರಡೂ ಉದ್ದ ಹತ್ತಿರ ಹತ್ತಿರ ಇರಬೇಕು. ಇಲ್ಲದಿದ್ದರೆ ಬೋರ್ಡ್ ಎತ್ತಿ. ಈಸಲ್ (ಬೋರ್ಡ್ ನಿಲ್ಲಿಸುವ ಸ್ಟ್ಯಾಂಡ್) ಬೇಕೆಂದೇನೂ ಇಲ್ಲ. ಎದುರಿಗೆ ಇನ್ನೊಂದು ಕುರ್ಚಿ ತಿರುಗಿಸಿ ಇಟ್ಟು ಅದರ ಬೆನ್ನಿಗೆ ಬೋರ್ಡ್ ಒರಗಿಸಿದರೆ ಆಯಿತು. ಹಾಗೆ ಐದು ಪೋಸ್ ಬರೆಯಿರಿ. ತಲೆ ಸರಿಹೋದರೆ ಕಳ್ಳ ಸಿಕ್ಕ ಹಾಗೆ.

ಬೋರ್ಡ್ ನೆಟ್ಟಗಿದ್ದೂ ತಲೆ ದೊಡ್ಡದಾದರೆ ಎರಡನೆಯ ಕಾರಣ ಹಿಡಿಯಿರಿ. ಅದು ನಮ್ಮ ಮನಸ್ಸು. ಮನುಷ್ಯರನ್ನು ನೋಡುವಾಗ ನಾವು ನೋಡುವುದು ಮುಖವನ್ನೇ ಅಲ್ವಾ? ಮನಸ್ಸಿಗೆ ದೊಡ್ಡದಾದದ್ದು ಕೈಗೂ ದೊಡ್ಡದಾಗುತ್ತದೆ. ಇದಕ್ಕೆ ಮದ್ದು ಅಳತೆ. ತೋಳನ್ನು ಮೊಣಕೈ ಬಗ್ಗದಂತೆ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ. ಪೆನ್ಸಿಲ್ ತುದಿಯನ್ನು ಮಾಡೆಲ್ ನೆತ್ತಿಗೆ ಹೊಂದಿಸಿ, ಗದ್ದ ಬರುವಲ್ಲಿ ಹೆಬ್ಬೆರಳು ಇಡಿ. ಅದೊಂದು ‘ತಲೆ’. ಮೈ ಎಷ್ಟು ತಲೆ ಇದೆ ಅಂತ ಎಣಿಸಿ. ನಿಂತವರು ಸಾಮಾನ್ಯವಾಗಿ ಏಳೂವರೆ ತಲೆಯ ಸುತ್ತ ಬರುತ್ತಾರೆ. ಕುರ್ಚಿಯ ಮೇಲೆ ನೆಟ್ಟಗೆ ಕೂತರೆ ಆರಕ್ಕೆ ಸ್ವಲ್ಪ ಕಡಿಮೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಸುಮಾರು ನಾಲ್ಕು. ನಮ್ಮಲ್ಲಿ ಈ ಕೊನೆಯ ಪೋಸ್ ಜಾಸ್ತಿ. ಆದ್ದರಿಂದ ನಾಲ್ಕು ಅನ್ನುವುದು ಬಾಯಿಪಾಠವಾಗಿರಲಿ. ಹಾಗಂತ ಲೆಕ್ಕಕ್ಕೆ ಮಾಡೆಲನ್ನು ಹೊಂದಿಸಬೇಡಿ. ಎದುರಿಗಿದ್ದವರು ಏಳು ತಲೆ ಇದ್ದರೆ ಏಳೇ ಬರೆಯಿರಿ.

ಇನ್ನೊಂದು ವಿಷಯ. ನಿಂತ ಮಾಡೆಲ್‌ನಿಂದ 4-5 ಅಡಿಯಲ್ಲಿ ಕೂತರೆ ತಲೆ ನೋಡಲು ಕತ್ತು ಎತ್ತಬೇಕು, ಪಾದ ನೋಡಲು ಕತ್ತು ಬಗ್ಗಿಸಬೇಕು. ಪ್ರತಿ ಭಾಗವೂ ಬೇರೆ ಬೇರೆ ನೋಟದಿಂದ ಬಂದು, ಚಿತ್ರ ತುಂಡು ತುಂಡಾಗಿ ಅಂಟಿಸಿದ ಹಾಗೆ ಆಗುತ್ತದೆ. 10-12 ಅಡಿ ಹಿಂದೆ ಸರಿಯಿರಿ. ಚಿಕ್ಕ ಕೋಣೆಯಾದರೆ ಮಾಡೆಲನ್ನು ಕೂತ ಪೋಸ್‌ಗೆ ಕೇಳಿಕೊಳ್ಳಿ.

ನಿಂತವರು ಬೀಳುತ್ತಿದ್ದಾರೆ

ನನ್ನನ್ನು ಅತಿ ಹೆಚ್ಚು ಕಾಡಿದ್ದು ಇದೇ. ಗೆರೆ ಚೆನ್ನಾಗಿರುತ್ತಿತ್ತು. ಅಳತೆಯೂ ಸರಿ ಇರುತ್ತಿತ್ತು. ಆದರೂ ಮನುಷ್ಯ ನೆಲದ ಮೇಲೆ ನಿಂತ ಹಾಗೆ ಕಾಣುತ್ತಿರಲಿಲ್ಲ. ಯಾರೋ ಮೇಲಿನಿಂದ ಹಗ್ಗ ಕಟ್ಟಿ ಇಳಿಬಿಟ್ಟ ಹಾಗೆ ಇರುತ್ತಿತ್ತು.

ಒಂದು ಭಾನುವಾರ ವಯಸ್ಸಾದ ಅಮ್ಮ ಒಬ್ಬರು ಮಾಡೆಲ್ ಆಗಿ ಬಂದಿದ್ದರು. ಬ್ರೇಕ್‌ನಲ್ಲಿ ಟೀ ಕುಡಿಯುತ್ತಾ ಎಲ್ಲರ ಹಾಳೆ ನೋಡಿಕೊಂಡು ಬಂದರು. ನನ್ನದರ ಮುಂದೆ ನಿಂತರು. ‘ಮಗಾ, ನಾನು ಈ ಕಾಲ ಮೇಲಲ್ವಾ ನಿಂತಿದ್ದು? ಇದೇ ನೋಯ್ತಿರೋದು. ನೀನು ಆ ಕಾಲಿಗೆ ಭಾರ ಹಾಕಿದ್ದೀಯಲ್ಲ’ ಅಂದರು. ಅವರು ಚಿತ್ರ ಕಲಿತವರಲ್ಲ. ಆದರೆ ಆ ಪೋಸ್‌ನಲ್ಲಿ ಭಾರ ಎಲ್ಲಿತ್ತು ಅನ್ನುವುದು ಅವರ ಮೊಣಕಾಲಿಗೆ ಗೊತ್ತಿತ್ತು. ಅವತ್ತಿನಿಂದ ಪ್ರತಿ ಬ್ರೇಕ್‌ನಲ್ಲಿ ಮಾಡೆಲ್ ಹತ್ತಿರ ಕೇಳುತ್ತೇನೆ: ಎಲ್ಲಿ ನೋಯುತ್ತಿದೆ? ಅವರು ಕೈಯಿಟ್ಟು ತೋರಿಸುವ ಜಾಗದಲ್ಲೇ ಪೋಸ್‌ನ ಭಾರ ಇರುತ್ತದೆ.

ಹಾಳೆಯ ಮೇಲೆ ಇದನ್ನು ಪರೀಕ್ಷೆ ಮಾಡಲು ಸ್ಕೇಲ್ ತೆಗೆದುಕೊಳ್ಳಿ. ನೀವು ಬರೆದ ಚಿತ್ರದಲ್ಲಿ ಕತ್ತಿನ ಕೆಳಗಿನ ಗುಳಿಯಿಂದ ನೆಟ್ಟಗೆ ಕೆಳಗೆ ಒಂದು ಗೆರೆ ಎಳೆಯಿರಿ. ಮಾಡೆಲ್ ಒಂದೇ ಕಾಲಿಗೆ ಭಾರ ಕೊಟ್ಟು ನಿಂತಿದ್ದರೆ ಆ ಗೆರೆ ಅದೇ ಪಾದದ ಒಳಗಿಣ್ಣಿನ ಹತ್ತಿರ ಬೀಳಬೇಕು. ಎರಡೂ ಕಾಲಿಗೆ ಸಮ ಭಾರ ಇದ್ದರೆ ಪಾದಗಳ ನಡುವೆ ಬೀಳಬೇಕು. ಅದು ಪಾದದಿಂದ ಆಚೆ ಹೋದರೆ ನಿಮ್ಮ ಚಿತ್ರದ ಮನುಷ್ಯ ಬೀಳುವುದೇ. ಗೋಡೆಗೆ ಒರಗಿದ್ದರೆ, ಕೋಲು ಊರಿದ್ದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಆಗ ಗೋಡೆ, ಕೋಲು ಕೂಡ ಒಂದು ಕಾಲು ಇದ್ದ ಹಾಗೆ. ಅವನ್ನೂ ಬರೆಯಿರಿ.

ಮಾಡೆಲ್ ಎದುರು ಇರುವಾಗ ಇದನ್ನೇ ನೋಡಲು ಗಾರೆಯವರು ಗೋಡೆ ನೆಟ್ಟಗಿದೆಯಾ ಅಂತ ನೋಡುವ ತೂಗುಗುಂಡು ತುಂಬ ಒಳ್ಳೆಯದು. ದಾರಕ್ಕೆ ಒಂದು ನಟ್ ಕಟ್ಟಿದರೂ ಸಾಕು. ಅದನ್ನು ಕಣ್ಣೆದುರು ಇಳಿಬಿಟ್ಟು ಕತ್ತಿನ ಗುಳಿಗೆ ಹೊಂದಿಸಿ. ದಾರ ಎಲ್ಲಿ ಬೀಳುತ್ತದೆ ನೋಡಿ. 5 ನಿಮಿಷಕ್ಕಿಂತ ಜಾಸ್ತಿ ಇರುವ ಎಲ್ಲ ಪೋಸ್‌ಗೂ ನಾನು ಇದನ್ನು ಮಾಡುತ್ತೇನೆ.

ಗೆರೆ ಸರಿಯಾದ ಕಡೆ ಬಿದ್ದೂ ಚಿತ್ರ ಬಿಗಿಯಾಗಿದ್ದರೆ ಭುಜ ಮತ್ತು ಸೊಂಟ ನೋಡಿ. ಭಾರ ಹೊತ್ತ ಕಾಲಿನ ಕಡೆ ಸೊಂಟ ಮೇಲೇರುತ್ತದೆ. ಅದನ್ನು ಸರಿದೂಗಿಸಲು ಆ ಕಡೆಯ ಭುಜ ಸಾಮಾನ್ಯವಾಗಿ ಇಳಿಯುತ್ತದೆ. ನೀವು ಎರಡನ್ನೂ ಅಡ್ಡಕ್ಕೆ ಸಮವಾಗಿ ಎಳೆದಿದ್ದರೆ ಮೈಗೆ ಬಳುಕೇ ಇರುವುದಿಲ್ಲ. ಬೇಲೂರಿಗೆ ಹೋದವರು ಇದನ್ನು ಕಣ್ಣಾರೆ ನೋಡಿರುತ್ತೀರಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ಗುಡಿಯ ಮದನಿಕೆಯರಲ್ಲಿ ತಲೆ ಒಂದು ಕಡೆ, ಎದೆ ಇನ್ನೊಂದು ಕಡೆ, ಸೊಂಟ ಮತ್ತೊಂದು ಕಡೆ. ಅದೇ ತ್ರಿಭಂಗ. ಕಲ್ಲಿನಲ್ಲೂ ಯಾವ ಕಾಲು ಭಾರ ಹೊತ್ತಿದೆ ಅಂತ ಹೇಳಬಹುದು. ಆದರೆ ತಲೆ ಎಣಿಸುವ ಅಭ್ಯಾಸಕ್ಕೆ ಅವರು ಬೇಡ. ಅವರು ಸೂರಿನ ಕೆಳಗೆ ಎತ್ತರದಲ್ಲಿದ್ದಾರೆ. ಕೆಳಗಿನಿಂದ ನೋಡುವಾಗ ಅಳತೆ ಬದಲಾಗುತ್ತದೆ.

ಇಷ್ಟಾದರೂ ಬಿಗಿ ಹೋಗದಿದ್ದರೆ ಪೆನ್ಸಿಲ್ ಕೆಳಗಿಡಿ. ಎದ್ದು ನಿಂತು, ಮಾಡೆಲ್ ನಿಂತ ಹಾಗೆಯೇ ನೀವೂ 5 ಸೆಕೆಂಡ್ ನಿಲ್ಲಿ. ಯಾವ ತೊಡೆ ಬಿಗಿಯುತ್ತದೆ, ಬೆನ್ನು ಎಲ್ಲಿ ಮಡಿಯುತ್ತದೆ ಅಂತ ನಿಮ್ಮ ಮೈಗೇ ತಿಳಿಯುತ್ತದೆ. ಇದು ನನ್ನ ಹೊಸ ಉಪಾಯವೇನಲ್ಲ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ. ಕೆ. ಹೆಬ್ಬಾರರು ಲಯ ತಿಳಿಯಬೇಕು ಅಂತ ಕಥಕ್ ಕಲಿತಿದ್ದರು. ಅವರ ರೇಖಾಚಿತ್ರದ ನರ್ತಕಿಯರನ್ನು ನೋಡಿ. ಕೆಲವೇ ಗೆರೆ ಇದ್ದರೂ ಹೆಜ್ಜೆ ನೆಲಕ್ಕೆ ತಾಗಿದ್ದು ಗೊತ್ತಾಗುತ್ತದೆ.

ಸೀರೆ ಬಂತು, ಒಳಗೆ ಮನುಷ್ಯರಿಲ್ಲ

ವಿದೇಶಿ ಕೈಪಿಡಿಗಳಲ್ಲಿ ಈ ತೊಂದರೆ ಅಷ್ಟಾಗಿ ಕಾಣುವುದಿಲ್ಲ. ಅಲ್ಲಿ ಮಾಡೆಲ್ ಹೆಚ್ಚಾಗಿ ಬಟ್ಟೆ ಇಲ್ಲದೆ ನಿಲ್ಲುತ್ತಾರೆ. ನಮ್ಮ ಗುಂಪಿಗೆ ಬರುವವರು ಸೀರೆ ಉಟ್ಟ ಅಮ್ಮಂದಿರು, ಪಂಚೆ ಉಟ್ಟು ಟವೆಲ್ ಸುತ್ತಿದ ತಾತಂದಿರು. ನೆರಿಗೆ, ಸೆರಗು ಬರೆಯುತ್ತಾ ಕೂತರೆ 5 ನಿಮಿಷ ಅಲ್ಲೇ ಕರಗುತ್ತದೆ. ಕೊನೆಗೆ ಉಳಿಯುವುದು ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆ.

ಪರೀಕ್ಷೆ ಹೀಗಿದೆ. ಮುಗಿದ ಸ್ಕೆಚ್ ಮೇಲೆ ಕೆಂಪು ಪೆನ್ಸಿಲ್‌ನಲ್ಲಿ ಎರಡು ಮೊಣಕಾಲು, ಎರಡು ಸೊಂಟದ ಮೂಳೆ, ಎರಡು ಹಿಮ್ಮಡಿ ಗುರುತು ಮಾಡಿ. ಅನುಮಾನ ಬರದೆ ಆರೂ ಚುಕ್ಕೆ ಇಡಲು ಆದರೆ ಸರಿ. ಮೊಣಕಾಲು ಎಲ್ಲಿದೆ ಅಂತ ನಿಮಗೇ ಗೊತ್ತಾಗದಿದ್ದರೆ ನೀವು ಬಟ್ಟೆ ಮಾತ್ರ ಬರೆದಿದ್ದೀರಿ.

ಆ ಆರು ಚುಕ್ಕೆಗಳನ್ನು ಕೊನೆಗಲ್ಲ, ಮೊದಲು ಇಡಿ. ಬಟ್ಟೆಗೆ ತನ್ನದೇ ಆಕಾರ ಇಲ್ಲ. ಮೈ ಅದನ್ನು ಕೆಲವು ಕಡೆ ಹಿಡಿದಿರುತ್ತದೆ: ಭುಜ, ಸೊಂಟ, ಮಡಿಸಿದ ಮೊಣಕಾಲು, ಮೊಣಕೈ. ಮಡಿಕೆಗಳೆಲ್ಲ ಅಲ್ಲಿಂದಲೇ ಹೊರಡುತ್ತವೆ. ಉಳಿದ ಕಡೆ ಬಟ್ಟೆ ಸುಮ್ನೆ ಜೋತು ಬಿದ್ದಿರುತ್ತದೆ. ನೇರ ನಿಂತಾಗ ನೆರಿಗೆ ಸೊಂಟದಿಂದ ನೆಟ್ಟಗೆ ಇಳಿಯುತ್ತದೆ. ಒಂದು ಮೊಣಕಾಲು ಮುಂದೆ ಬಂದರೆ ಅಲ್ಲಿಗೆ ತಾಗಿ ದಿಕ್ಕು ಬದಲಿಸುತ್ತದೆ. ಆ ದಿಕ್ಕು ಬದಲಾಗುವ ಜಾಗ ಬರೆದರೆ ಸಾಕು, ಇಪ್ಪತ್ತು ನೆರಿಗೆ ಬೇಕಿಲ್ಲ.

ಸೀರೆಯ ಅಂಚಂತೂ ದೊಡ್ಡ ಉಪಕಾರ ಮಾಡುತ್ತದೆ. ಅದು ಮೈಯನ್ನು ಸುತ್ತಿಕೊಂಡು ಹೋಗುವ ಗೆರೆ. ಕಾಲಿನ ದುಂಡು, ಬೆನ್ನಿನ ತಿರುವು ಎಲ್ಲ ಅದರಲ್ಲೇ ಇದೆ. ಅಗಲ ಅಂಚಿನ ಇಳಕಲ್ ಸೀರೆ ಉಟ್ಟು ಬಂದ ದಿನ ನಾನು ಸೆರಗಿನ ಅಂಚೊಂದನ್ನೇ ಹಿಡಿದು ಇಡೀ ಬೆನ್ನು ಬರೆದದ್ದಿದೆ.

ಗೆರೆ ಕೂದಲು ಕೂದಲಾಗಿ ಬರುತ್ತದೆ

ಪೆನ್ಸಿಲ್ಲನ್ನು ಅಕ್ಷರ ಬರೆಯುವ ಹಾಗೆ ತುದಿಯಲ್ಲಿ ಹಿಡಿದರೆ ಮಣಿಕಟ್ಟು ಮಾತ್ರ ಆಡುತ್ತದೆ. ಅದರಿಂದ ಬರುವುದು ಎರಡಿಂಚಿನ ಗೆರೆ. ಹಿಂದಕ್ಕೆ, ಆದಷ್ಟು ದೂರ ಹಿಡಿದು, ಭುಜದಿಂದ ತೋಳು ಆಡಿಸಿ ಐದು ಪೋಸ್ ಮಾಡಿ. ಗೆರೆ ಉದ್ದವಾದರೆ ಹಿಡಿತವೇ ಕಾರಣ.

ಹಾಗೂ ಕೂದಲಾಗಿಯೇ ಬಂದರೆ ಕೈ ಹೆದರುತ್ತಿದೆ. ಹೆದರುವುದು ಯಾಕೆಂದರೆ ನೋಡಿಲ್ಲ. ಪಕ್ಕದವರಿಗೆ ಹೇಳಿ, 1 ನಿಮಿಷದಲ್ಲಿ ನೀವು ಎಷ್ಟು ಸಲ ತಲೆ ಎತ್ತಿ ಮಾಡೆಲ್ ನೋಡುತ್ತೀರಿ ಅಂತ ಎಣಿಸಲಿ. ನನ್ನದನ್ನು ಗೆಳೆಯರೊಬ್ಬರು ಎಣಿಸಿದಾಗ 6 ಬಂತು. ಉಳಿದ ಹೊತ್ತೆಲ್ಲ ನಾನು ಹಾಳೆಯನ್ನೇ ನೋಡುತ್ತಿದ್ದೆ, ನೆನಪಿನಿಂದ ಬರೆಯುತ್ತಿದ್ದೆ. ಈಗ 1 ನಿಮಿಷದ ಪೋಸ್‌ನಲ್ಲಿ ಮೊದಲ 10 ಸೆಕೆಂಡ್ ಕೈ ಎತ್ತುವುದೇ ಇಲ್ಲ, ನೋಡುತ್ತೇನೆ. ಆಮೇಲೆ ನೆತ್ತಿಯಿಂದ ಬೆನ್ನಿನ ಮೂಲಕ ಭಾರ ಹೊತ್ತ ಪಾದದವರೆಗೆ ಒಂದೇ ಗೆರೆ. ಮುಂದೆ ಭುಜ, ಸೊಂಟದ ಓರೆ. ಆಮೇಲೆ ಕೈ ಕಾಲು. ಮುಖಕ್ಕೆ ಟೈಮ್ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ‘ಟೈಮ್ ಸಾಲಲಿಲ್ಲ’ ಅನ್ನುವವರಲ್ಲಿ ಹೆಚ್ಚಿನವರ ಹಾಳೆಯಲ್ಲಿ ಕಣ್ಣಿನ ರೆಪ್ಪೆ ಇರುತ್ತದೆ, ಪಾದ ಇರುವುದಿಲ್ಲ.

ರಬ್ಬರ್ ಮನೆಯಲ್ಲೇ ಬಿಟ್ಟು ಬನ್ನಿ.

ಮೊಬೈಲ್‌ನಲ್ಲಿ ಫೋಟೊ ನೋಡಿ ಅಭ್ಯಾಸ ಮಾಡಿದವರು ಇಲ್ಲಿಗೆ ಬಂದ ಮೊದಲ ದಿನ ಗಾಬರಿಯಾಗುತ್ತಾರೆ. ಫೋಟೊದಲ್ಲಿ ಎಲ್ಲವೂ ಆಗಲೇ ಚಪ್ಪಟೆಯಾಗಿರುತ್ತದೆ, ಅಂಚು ಎಲ್ಲಿ ಅಂತ ಕ್ಯಾಮೆರಾ ಹೇಳಿಬಿಟ್ಟಿರುತ್ತದೆ. ಎದುರಿಗೆ ಮನುಷ್ಯರೇ ಕೂತಾಗ ಆ ಕೆಲಸ ನಿಮ್ಮದು. ಒಂದು ಕಣ್ಣು ಮುಚ್ಚಿ ನೋಡಿ, ಬೇಗ ಹಿಡಿತಕ್ಕೆ ಬರುತ್ತದೆ.

ತಪ್ಪು ನಿಮ್ಮದಲ್ಲ, ಪೋಸ್ ಇಳಿದಿದೆ

20 ನಿಮಿಷದ ಪೋಸ್‌ನಲ್ಲಿ ಹತ್ತನೇ ನಿಮಿಷದ ಹೊತ್ತಿಗೆ ಕೈ ಸರಿಯಾದ ಜಾಗಕ್ಕೆ ಕೂರುತ್ತಿಲ್ಲ ಅನಿಸುತ್ತದೆ. ಮೊದಲು ಬರೆದದ್ದನ್ನು ತಿದ್ದಲು ಹೋಗಬೇಡಿ. ಮಾಡೆಲ್ ಕಲ್ಲಲ್ಲ. ನಿಮಿಷ ಕಳೆದ ಹಾಗೆ ಭುಜ ಇಳಿಯುತ್ತದೆ, ತಲೆ ಮುಂದಕ್ಕೆ ಬಾಗುತ್ತದೆ, ಸೊಂಟ ಕುಸಿಯುತ್ತದೆ. ಹಾಳೆಯ ಅಂಚಿನಲ್ಲಿ ಮೊದಲ ನಿಮಿಷದಲ್ಲೇ ಒಂದು ಹೆಬ್ಬೆರಳುದ್ದದ ಚಿಕ್ಕ ಸ್ಕೆಚ್ ಮಾಡಿಟ್ಟುಕೊಳ್ಳಿ. ಅನುಮಾನ ಬಂದಾಗ ಅದನ್ನು ನೋಡಿ. ಅದು ಮತ್ತು ದೊಡ್ಡ ಚಿತ್ರ ಒಂದೇ ಥರ ಇದ್ದು ಮಾಡೆಲ್ ಮಾತ್ರ ಬೇರೆಯಾಗಿದ್ದರೆ ಪೋಸ್ ಇಳಿದಿದೆ ಅಂತ ಅರ್ಥ. ಮೊದಲ ನಿಮಿಷದ ಪೋಸನ್ನೇ ಹಿಡಿದು ಮುಗಿಸಿ.

‘ಅಲ್ಲಾಡಬೇಡಿ’ ಅಂತ ಕೂಗುವುದನ್ನು ನಾನು ಒಪ್ಪುವುದಿಲ್ಲ. ಅವರು ನಮಗೋಸ್ಕರ ನೋವು ತಡೆದು ನಿಂತಿರುತ್ತಾರೆ. ಕೈ ಎತ್ತಿದ ಪೋಸ್ 1-2 ನಿಮಿಷಕ್ಕಿಂತ ಹೆಚ್ಚು ಕೇಳಬೇಡಿ. 20 ನಿಮಿಷಕ್ಕೆ 5 ನಿಮಿಷ ಬಿಡುವು ಕೊಡಿ. ಬಿಡುವಿಗೆ ಮೊದಲು ಪಾದದ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿದರೆ ಅವರೇ ಅದೇ ಜಾಗಕ್ಕೆ ಬಂದು ನಿಲ್ಲುತ್ತಾರೆ. ಕೇಳದೆ ಫೋಟೊ ತೆಗೆಯಬೇಡಿ.

ಮಳೆಗಾಲದಲ್ಲಿ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ಚಾರ್ಕೋಲ್ ಹಾಳೆಗೆ ಹತ್ತುವುದಿಲ್ಲ, ಗೆರೆ ತೇಲಿದ ಹಾಗೆ ಬರುತ್ತದೆ. ನೀವು ಒತ್ತಿ ಒತ್ತಿ ಎಳೆಯುತ್ತೀರಿ, ಮತ್ತೆ ಕೈ ಬಿಗಿಯಾಗುತ್ತದೆ. ಒಣ ಹಾಳೆಯೊಂದನ್ನು ಪಕ್ಕದವರಿಂದ ತೆಗೆದುಕೊಂಡು ಒಂದು ಗೆರೆ ಎಳೆದು ನೋಡಿ. ಅಲ್ಲಿ ಸರಿ ಬಂದರೆ ನಿಮ್ಮ ಹಾಳೆ ತೇವ ಹಿಡಿದಿದೆ. ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ತನ್ನಿ, ನೆಲದ ಮೇಲೆ ಇಡಬೇಡಿ.

ಒಂದು ಸೆಷನ್‌ಗೆ ಒಂದೇ ತಪ್ಪು ಹಿಡಿದುಕೊಳ್ಳಿ. ಬೋರ್ಡ್, ಹಿಡಿತ, ಕೂತ ಜಾಗ ಮೂರನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ. ನಾಲ್ಕು ಭಾನುವಾರ ಕಳೆದ ಮೇಲೆ ಮೊದಲಿನ ಪರೀಕ್ಷೆಯನ್ನು ಮತ್ತೆ ಮಾಡಿ: ಅದೇ ಪೋಸ್, 1 ನಿಮಿಷ ಮತ್ತು 20 ನಿಮಿಷ. ಸಾಧ್ಯವಾದರೆ ಅದೇ ಮಾಡೆಲನ್ನೇ ಕರೆಸಿ. ಹಳೆಯ ಎರಡು ಹಾಳೆ ಬೇಕಾಗುತ್ತವೆ, ತಾರೀಖು ಹಾಕಿ ಎತ್ತಿಟ್ಟಿರಿ.